ಚುಂಬನದ ಕತೆ ಸಾಕು, ದೇವಿಕಾ ರಾಣಿಯ ಕೆಲಸದ ಕತೆ ಕೇಳಿ

ಕಳೆದ ಭಾನುವಾರ ಕೆ.ಆರ್. ಪುರದಲ್ಲಿ ಮೆಟ್ರೊ ಹತ್ತಿ ಇಂದಿರಾನಗರದಲ್ಲಿ ಇಳಿದೆ. ಅಲ್ಲೊಂದು ಒಳರಸ್ತೆಯಲ್ಲಿ ಬಾಡಿಗೆ ಮನೆಯ ಗ್ಯಾರೇಜೇ ನನ್ನ ಗೆಳತಿಯ ವರ್ಕ್‌ಶಾಪು. ಇಬ್ಬರದ್ದೂ ಒಂದೇ ಎಂಜಿನಿಯರಿಂಗ್ ಕಾಲೇಜು, ಒಂದೇ ಹಾಸ್ಟೆಲ್ಲು. ನಾನು ಕೋಡ್ ಬರೆಯೋದು ಬಿಟ್ಟು ಸುದ್ದಿ ಬರೆಯೋಕೆ ಬಂದೆ, ಅವಳು ಬಟ್ಟೆ ಕತ್ತರಿಸೋಕೆ ಹೋದಳು. ಎರಡು ಹೊಲಿಗೆ ಮೆಷಿನ್ನು, ಒಂದು ಕಟಿಂಗ್ ಟೇಬಲ್ಲು, ಶಿವಾಜಿನಗರದಿಂದ ಬಂದು ಹೋಗುವ ಒಬ್ಬರು ಟೈಲರ್ ಮಾಸ್ಟರ್. ಅವಳ ಕಂಪನಿ ಅಂದರೆ ಇಷ್ಟೇ.

ನಾನು ಹೋದಾಗ ಅವಳು ಉಗುರಿಗೆ ಬಣ್ಣ ಹಚ್ಚುತ್ತಾ ಕೂತಿದ್ದಳು. ಕೆಂಪು ಬಣ್ಣ ಒಣಗಿದ ಮೇಲೆ ಗುಂಡುಪಿನ್ನಿನ ತಲೆಯನ್ನು ಬಿಳಿ ಬಣ್ಣಕ್ಕೆ ಅದ್ದಿ ಸಾಲಾಗಿ ಚುಕ್ಕಿ ಇಡೋದು. ಗೆರೆ ನೇರ ಬರಲಿ ಅಂತ ಸೆಲೋಟೇಪಿನ ಸಣ್ಣ ತುಂಡು. ಪಾರ್ಲರಿಗೆ ಕೊಡುವಷ್ಟು ದುಡ್ಡಿಲ್ಲ, ಆದರೆ ಬಿಡುವ ಹಾಗೂ ಇಲ್ಲ. ಗಿರಾಕಿಗೆ ಬಟ್ಟೆ ಬಿಡಿಸಿ ತೋರಿಸುವಾಗ ಅವರ ಕಣ್ಣು ಮೊದಲು ಬೀಳೋದು ತೋರಿಸುವವಳ ಬೆರಳಿನ ಮೇಲೆ ಅನ್ನೋದು ಅವಳ ಲೆಕ್ಕ.

ಅವತ್ತು ಅವಳ ಮುಖ ಸರಿ ಇರಲಿಲ್ಲ. ಮೂರು ತಿಂಗಳು ಕೂತು ಮಾಡಿದ ಬ್ಲೌಸಿನ ಬೆನ್ನಿನ ಡಿಸೈನು ಅವಳ ಹೆಸರಿಲ್ಲದೆ ಒಂದು ಅಂಗಡಿಯ ಗಾಜಿನ ಹಿಂದೆ ನೇತಾಡುತ್ತಿತ್ತು. ಸ್ಯಾಂಪಲ್ ತೋರಿಸಿ ಬಂದಿದ್ದಳು, ಆರ್ಡರ್ ಬರಲಿಲ್ಲ, ಡಿಸೈನು ಮಾತ್ರ ಅಲ್ಲೇ ಉಳಿದುಕೊಂಡಿತು. ಕಾನೂನಿಲ್ಲವಾ ಅಂತ ಕೇಳಬಹುದು. ಇದೆ. 2000ದ ವಿನ್ಯಾಸ ಕಾಯ್ದೆಯ ರಕ್ಷಣೆ ಬೇಕಂದರೆ ಡಿಸೈನನ್ನು ಹೊರಗೆ ತೋರಿಸುವ ಮೊದಲೇ ನೋಂದಣಿ ಮಾಡಿಸಬೇಕು. ಮಾಡಿಸದೆ ಯಂತ್ರದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ತೆಗೆದರೆ ಕೃತಿಸ್ವಾಮ್ಯವೂ ಹೋಗುತ್ತದೆ. ತಿಂಗಳಿಗೆ ಹತ್ತು ಹೊಸ ಮಾದರಿ ಮಾಡುವ ಒಂಟಿ ಡಿಸೈನರು ಹತ್ತಕ್ಕೂ ಅರ್ಜಿ ಹಾಕುತ್ತಾ ಕೂತರೆ ಹೊಲಿಯೋದು ಯಾವಾಗ?

ಸಮಾಧಾನಕ್ಕೆ ನಾನು ಅವಳಿಗೆ ದೇವಿಕಾ ರಾಣಿಯ ಕತೆ ಹೇಳೋಕೆ ಶುರು ಮಾಡಿದೆ. ಅವಳು ನಕ್ಕಳು. ಆ ಚುಂಬನದ ನಟಿ ತಾನೇ ಅಂದಳು. ನೋಡಿ, ಸಮಸ್ಯೆ ಇರೋದೇ ಇಲ್ಲಿ.

ಮೊದಲ ಕೆಲಸ ಬಟ್ಟೆಯದ್ದು

ದೇವಿಕಾ ರಾಣಿ ಹುಟ್ಟಿದ್ದು 1908ರಲ್ಲಿ, ವಿಶಾಖಪಟ್ಟಣದ ಪಕ್ಕದ ವಾಲ್ಟೇರಿನಲ್ಲಿ. ಬಂಗಾಳಿ ಮನೆತನ, ಟ್ಯಾಗೋರರ ಸಂಬಂಧಿಕರು. ತಂದೆ ಕರ್ನಲ್ ಚೌಧುರಿ ಮದ್ರಾಸ್ ಪ್ರಾಂತ್ಯದ ಸರ್ಜನ್ ಜನರಲ್ ಹುದ್ದೆಗೇರಿದ ಮೊದಲ ಭಾರತೀಯ. ಮಗಳನ್ನು ಒಂಬತ್ತನೇ ವಯಸ್ಸಿಗೇ ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಗೆ ಕಳಿಸಿದರು. ಅಂದರೆ ಉಳ್ಳವರ ಮನೆ ಹುಡುಗಿ. ಇದನ್ನು ಮುಚ್ಚಿಟ್ಟು ಅವರ ಕತೆ ಹೇಳುವುದು ಸರಿಯಲ್ಲ.

ಶಾಲೆ ಮುಗಿದ ಮೇಲೆ ಲಂಡನ್‌ನಲ್ಲಿ ನಟನೆ, ಸಂಗೀತ ಕಲಿತದ್ದನ್ನು ಎಲ್ಲರೂ ಬರೆಯುತ್ತಾರೆ. ಅದರ ಜೊತೆಗೇ ವಾಸ್ತುಶಿಲ್ಪ, ಜವಳಿ ವಿನ್ಯಾಸ, ಒಳಾಂಗಣ ಅಲಂಕಾರದ ಕೋರ್ಸುಗಳನ್ನೂ ಮಾಡಿದರು. ಸೌಂದರ್ಯ ಪ್ರಸಾಧನದ ದೊಡ್ಡ ಹೆಸರಾದ ಎಲಿಜಬೆತ್ ಆರ್ಡೆನ್ ಬಳಿ ಅಪ್ರೆಂಟಿಸ್ ಆಗಿದ್ದರು. 1927ರ ಹೊತ್ತಿಗೆ ಇಷ್ಟೆಲ್ಲ ಮುಗಿಸಿ ಹಿಡಿದ ಕೆಲಸ ಜವಳಿ ವಿನ್ಯಾಸದ್ದು. ಇನ್ನೂ ಇಪ್ಪತ್ತು ತುಂಬದ ಹುಡುಗಿ ಲಂಡನ್‌ನಲ್ಲಿ ಬಟ್ಟೆಗೆ ಡಿಸೈನು ಬರೆಯುತ್ತಿದ್ದಳು. ಸಿನಿಮಾ ಇನ್ನೂ ಅವಳ ಬದುಕಿಗೆ ಬಂದಿರಲೇ ಇಲ್ಲ.

1928ರಲ್ಲಿ ಬ್ಯಾರಿಸ್ಟರಿಕೆ ಬಿಟ್ಟು ಸಿನಿಮಾಕ್ಕೆ ಬಂದಿದ್ದ ಹಿಮಾಂಶು ರಾಯ್ ಪರಿಚಯವಾದರು. ಅವರ ಮೂಕಿ ಚಿತ್ರ 'ಪ್ರಪಂಚ ಪಾಶ್'ಗೆ ಕೆಲಸಗಾರರು ಬೇಕಿತ್ತು. ದೇವಿಕಾ ಸೇರಿದ್ದು ನಾಯಕಿಯಾಗಿ ಅಲ್ಲ. ವಸ್ತ್ರ ವಿನ್ಯಾಸಕ್ಕೆ, ಕಲಾ ನಿರ್ದೇಶನಕ್ಕೆ ಕೈಜೋಡಿಸಲು. ಮಹಾಭಾರತದ ಪಗಡೆಯಾಟದ ಎಳೆ ಹಿಡಿದ ಈ ಚಿತ್ರ ರಾಜಸ್ಥಾನದಲ್ಲಿ ಆನೆ, ಕುದುರೆ, ಸಾವಿರಾರು ಜನರನ್ನಿಟ್ಟು ತೆಗೆದದ್ದು, 1929ರಲ್ಲಿ ತೆರೆಗೆ ಬಂತು. ಅದೇ ವರ್ಷ ಇಬ್ಬರೂ ಮದುವೆಯಾದರು.

ಕೆಂಪು ಕಪ್ಪಾಗಿ ಕಾಣುತ್ತಿದ್ದ ಕಾಲ

ಇಲ್ಲಿ ನನ್ನೊಳಗಿನ ಎಂಜಿನಿಯರ್ ಸ್ವಲ್ಪ ಎದ್ದು ಕೂರುತ್ತಾಳೆ, ಸಹಿಸಿಕೊಳ್ಳಿ. ಮೂಕಿ ಚಿತ್ರಗಳ ಕಾಲದ ಹಳೇ ಫಿಲ್ಮಿಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಕೆಂಪು ತುಟಿ, ಕೆಂಪು ಉಗುರು, ಕೆಂಪು ಸೆರಗು ಎಲ್ಲವೂ ತೆರೆಯ ಮೇಲೆ ಕಪ್ಪು. 1920ರ ದಶಕದ ಕೊನೆಗೆ ಎಲ್ಲಾ ಬಣ್ಣಕ್ಕೂ ಸ್ಪಂದಿಸುವ ಪ್ಯಾನ್‌ಕ್ರೋಮ್ಯಾಟಿಕ್ ಫಿಲ್ಮು ಬಂದು ಲೆಕ್ಕವೆಲ್ಲ ಬದಲಾಯಿತು. ಮೇಕಪ್ಪು ಮಾಡುವವರು, ಬಟ್ಟೆಯ ಬಣ್ಣ ಆರಿಸುವವರು ಕಲಿತದ್ದನ್ನೆಲ್ಲ ಮರೆತು ಮತ್ತೆ ಕಲಿಯಬೇಕಾಯಿತು. ಯಾವ ಬಣ್ಣ ಎಷ್ಟು ಬೂದಿಯಾಗಿ ಬೀಳುತ್ತದೆ ಅನ್ನೋದು ಶೋಕಿಯಲ್ಲ, ಅದು ಬೆಳಕಿನ ವಿಜ್ಞಾನ.

ಉಗುರು ಬಣ್ಣದ್ದೂ ಇದೇ ಕತೆ. ನೈಟ್ರೊಸೆಲ್ಯುಲೋಸನ್ನು ದ್ರಾವಕದಲ್ಲಿ ಕರಗಿಸಿದರೆ, ದ್ರಾವಕ ಆರಿ ತೆಳು ಪೊರೆ ಉಳಿಯುತ್ತದೆ. ಮೊದಲ ಮಹಾಯುದ್ಧದ ನಂತರ ಕಾರಿಗೆ ಹೊಡೆಯುತ್ತಿದ್ದ ಪೇಂಟಿಗೂ ಉಗುರಿನ ಬಣ್ಣಕ್ಕೂ ಮೂಲ ಒಂದೇ. ಅದಕ್ಕೂ ಮೊದಲು ನಮಗೆ ಗೋರಂಟಿ ಇತ್ತು. ಹಲಸೂರಿನ ನಮ್ಮಜ್ಜಿ ಮನೆಯ ಹಿತ್ತಲಲ್ಲಿ ಎಲೆ ಕಿತ್ತು, ಒರಳಲ್ಲಿ ಅರೆದು, ರಾತ್ರಿ ಉಗುರಿಗೆ ಟೋಪಿಯ ಹಾಗೆ ಕೂರಿಸಿ ಮಲಗಿಸುತ್ತಿದ್ದರು. ಎಲೆಯಲ್ಲಿರುವ ಲಾಸೋನ್ ಅನ್ನುವ ರಾಸಾಯನಿಕ ಉಗುರಿನ ಪ್ರೋಟೀನಿಗೇ ಅಂಟಿಕೊಳ್ಳುವುದರಿಂದ ಆ ಬಣ್ಣ ತೊಳೆದರೆ ಹೋಗೋದಿಲ್ಲ, ಉಗುರು ಬೆಳೆದು ಕತ್ತರಿಸಿದಾಗಲೇ ಹೋಗೋದು. ಕಾಲೇಜಿನ ಲ್ಯಾಬಿನಲ್ಲಿ ಇದೇ ಪಾಠ ಮಾಡಿದ್ದರೆ ಅದನ್ನು ಕೆಮಿಸ್ಟ್ರಿ ಅನ್ನುತ್ತಿದ್ದೆವು. ಅಜ್ಜಿ ಮಾಡಿದ್ದಕ್ಕೆ ಅಲಂಕಾರ ಅಂದೆವು.

ದೇವಿಕಾ ರಾಣಿ ಫಿಲ್ಮು ಬದಲಾಗುತ್ತಿದ್ದ ಅದೇ ಹೊತ್ತಿನಲ್ಲಿ ಗಂಡನ ಜೊತೆ ಬರ್ಲಿನ್ನಿಗೆ ಹೋದರು. ಆಗಿನ ಯೂರೋಪಿನ ದೊಡ್ಡ ಸ್ಟುಡಿಯೋ ಉಫಾದಲ್ಲಿ ನಟನೆಯಷ್ಟೇ ಅಲ್ಲ, ಸಿನಿಮಾ ತಯಾರಿಕೆಯ ಬೇರೆ ಬೇರೆ ವಿಭಾಗಗಳ ಕೆಲಸ ಕಲಿತರು. 1933ರಲ್ಲಿ ಗಂಡ-ಹೆಂಡತಿ ಜೊತೆಯಾಗಿ ನಟಿಸಿದ 'ಕರ್ಮ' ಬಂತು. ಅದರಲ್ಲೊಂದು ಚುಂಬನದ ದೃಶ್ಯವಿದೆ. ತೊಂಬತ್ತು ವರ್ಷದಿಂದ ನಾವು ಅದು ಎಷ್ಟು ನಿಮಿಷದ್ದು ಅಂತ ಲೆಕ್ಕ ಹಾಕುತ್ತಲೇ ಇದ್ದೇವೆ. ಅದಕ್ಕೂ ಮೊದಲಿನ ಕಲಿಕೆಯ ವರ್ಷಗಳನ್ನು ಎಣಿಸಿದವರು ಕಡಿಮೆ.

ಮಲಾಡಿನ ಕಾರ್ಖಾನೆ

1934ರಲ್ಲಿ ಗಂಡ-ಹೆಂಡತಿ ಸೇರಿ ಮುಂಬೈನ ಮಲಾಡಿನಲ್ಲಿ ಬಾಂಬೆ ಟಾಕೀಸ್ ಕಟ್ಟಿದರು. ಅದು ಲಿಮಿಟೆಡ್ ಕಂಪನಿ. ನಿರ್ದೇಶಕ ಫ್ರಾಂಝ್ ಓಸ್ಟೆನ್, ಕ್ಯಾಮೆರಾಕ್ಕೆ ಯೋಸೆಫ್ ವಿರ್ಶಿಂಗ್, ಹೀಗೆ ಜರ್ಮನಿಯಿಂದ ಬಂದ ತಂತ್ರಜ್ಞರು. ಅವರ ಪಕ್ಕದಲ್ಲೇ ಕೆಲಸ ಕಲಿಯುವ ಇಲ್ಲಿನ ಹುಡುಗರು. 1936ರ 'ಜೀವನ್ ನೈಯಾ' ಶುರುವಾಗುವ ಹೊತ್ತಿಗೆ ದೇವಿಕಾ ತಮ್ಮ ಸಹನಟನ ಜೊತೆ ಮನೆ ಬಿಟ್ಟು ಹೋಗಿ ವಾಪಸು ಬಂದದ್ದೂ ನಿಜ. ಆ ನಟ ಕೆಲಸ ಕಳೆದುಕೊಂಡ, ಲ್ಯಾಬಿನಲ್ಲಿದ್ದ ಅಶೋಕ್ ಕುಮಾರ್ ನಾಯಕನಾದರು.

ಅದೇ ವರ್ಷ 'ಅಚ್ಛೂತ್ ಕನ್ಯಾ' ಬಂತು. ಬ್ರಾಹ್ಮಣ ಹುಡುಗ, ರೈಲ್ವೆ ಗೇಟು ಕಾಯುವವನ ಮಗಳಾದ ಅಸ್ಪೃಶ್ಯ ಹುಡುಗಿ. ಆ ಕಾಲಕ್ಕೆ ದೊಡ್ಡ ಧೈರ್ಯವೇ. ಆದರೆ ಇವತ್ತು ನೋಡುವಾಗ ಕಸ್ತೂರಿಯ ಹುಬ್ಬಿನ ಮೇಲೆ ಕಣ್ಣು ಹೋಗುತ್ತದೆ. ಹಳ್ಳಿಯ ಬಡ ಹುಡುಗಿಗೆ ತೀಡಿದ, ಎಳೆಯಂಥ ತೆಳು ಹುಬ್ಬು. ಬಣ್ಣ-ಬಟ್ಟೆಯ ಪಾಠ ಅಷ್ಟು ಚೆನ್ನಾಗಿ ಕಲಿತ ಕೈಗೆ ಆ ಹುಡುಗಿಯ ಬದುಕು ಗೊತ್ತಿರಲಿಲ್ಲ. ಜಾತಿಯ ನೋವನ್ನು ಸೀರೆಯ ಹಾಗೆ ಉಟ್ಟು ಬಿಚ್ಚಲು ಆಗುವುದಿಲ್ಲ. ಡಿಸೈನರುಗಳಿಗೆ ಇದೂ ಒಂದು ಪಾಠ.

1940ರಲ್ಲಿ ಹಿಮಾಂಶು ರಾಯ್ ತೀರಿಕೊಂಡರು. ಯುದ್ಧ ಶುರುವಾಗಿ ಜರ್ಮನ್ ತಂತ್ರಜ್ಞರನ್ನು ಬ್ರಿಟಿಷರು ಅದಾಗಲೇ ಬಂಧನದಲ್ಲಿಟ್ಟಿದ್ದರು. ಮೂವತ್ತೆರಡು ವರ್ಷದ ವಿಧವೆ ಸ್ಟುಡಿಯೋದ ಹೊಣೆ ಹೊತ್ತರು. ಒಳಗೇ ಎರಡು ಗುಂಪಾಯಿತು. ಎದುರು ಗುಂಪು ತೆಗೆದ 1943ರ 'ಕಿಸ್ಮತ್' ಕಲ್ಕತ್ತದ ಒಂದು ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತು. ಆ ಗುಂಪು ಹೊರಗೆ ಹೋಗಿ ಫಿಲ್ಮಿಸ್ತಾನ್ ಕಟ್ಟಿತು. ದೇವಿಕಾ ಎದೆಗುಂದದೆ ಯೂಸುಫ್ ಖಾನ್ ಅನ್ನುವ ಹೊಸ ಹುಡುಗನನ್ನು ಕೆಲಸಕ್ಕೆ ತೆಗೆದುಕೊಂಡರು. 1944ರ 'ಜ್ವಾರ್ ಭಾಟಾ'ದಲ್ಲಿ ಅವನು ದಿಲೀಪ್ ಕುಮಾರ್ ಆದ.

ಒಬ್ಬ ನಟಿಗೆ ಇಷ್ಟು ದೊಡ್ಡ ಸ್ಟುಡಿಯೋ ಹೇಗೆ ನಿಭಾಯಿಸೋಕೆ ಬಂತು ಅಂತ ಅಚ್ಚರಿಪಡುವವರಿದ್ದಾರೆ. ನನಗೆ ಅಚ್ಚರಿಯಿಲ್ಲ. ಬಟ್ಟೆಯ ಅಳತೆ, ಸೆಟ್ಟಿನ ಬಣ್ಣ, ಮುಖದ ಮೇಲಿನ ಬೆಳಕು, ಇವೆಲ್ಲ ಕೈಯಾರೆ ಮಾಡಿ ಗೊತ್ತಿದ್ದವರು ಅವರು. ಶಾಪ್ ಫ್ಲೋರ್ ಗೊತ್ತಿರುವ ಎಂಜಿನಿಯರ್ ಫ್ಯಾಕ್ಟರಿ ನಡೆಸಿದ ಹಾಗೆ.

ಬೆಂಗಳೂರಿನ ವರ್ಷಗಳು

1945ರಲ್ಲಿ ಬಾಂಬೆ ಟಾಕೀಸ್ ಬಿಟ್ಟರು. ರಷ್ಯನ್ ಚಿತ್ರಕಾರ ಸ್ವೆತೋಸ್ಲಾವ್ ರೋರಿಕ್ ಅವರನ್ನು ಮದುವೆಯಾಗಿ ಮೊದಲು ಕುಲು ಕಣಿವೆಗೆ, ಆಮೇಲೆ ಬೆಂಗಳೂರಿಗೆ ಬಂದರು. ಊರಿನ ಇನ್ನೊಂದು ತುದಿಯಲ್ಲಿ, ಕನಕಪುರ ರಸ್ತೆಯ ತಾತಗುಣಿಯಲ್ಲಿ ಸುಮಾರು 468 ಎಕರೆ ತೋಟ. ಅಲ್ಲಿ ಬೆಳೆದದ್ದು ಮೆಕ್ಸಿಕೊ ಮೂಲದ ಲಿನಾಲೋ ಮರ. ಅದರ ಎಣ್ಣೆ ಸುಗಂಧದ್ರವ್ಯಕ್ಕೆ, ಸೋಪಿಗೆ ಹೋಗುತ್ತದೆ. ಆರ್ಡೆನ್ ಹತ್ತಿರ ಪ್ರಸಾಧನ ಕಲಿತವರು ಕಡೆಗೆ ಅದರ ಕಚ್ಚಾವಸ್ತು ಬೆಳೆಯುವ ತೋಟದಲ್ಲಿ ನೆಲೆಸಿದರು. ತೆರೆಗೆ ಮಾತ್ರ ಮತ್ತೆ ಬರಲಿಲ್ಲ.

1958ರಲ್ಲಿ ಪದ್ಮಶ್ರೀ ಸಿಕ್ಕಿತು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಶುರುವಾದಾಗ, 1969ರ ಸಾಲಿಗೆ, ಮೊದಲ ಹೆಸರೇ ಅವರದ್ದು. ರೋರಿಕ್ 1993ರ ಜನವರಿಯಲ್ಲಿ ಹೋದರು. 1994ರ ಮಾರ್ಚ್ 9ರಂದು ದೇವಿಕಾ ರಾಣಿಯೂ ಬೆಂಗಳೂರಿನಲ್ಲೇ ಕೊನೆಯುಸಿರೆಳೆದರು. ಮಕ್ಕಳಿರಲಿಲ್ಲ. ಆಸ್ತಿಯ ಜಗಳ ಕೋರ್ಟು ಹತ್ತಿತು. ರಾಜ್ಯ ಸರ್ಕಾರ 1996ರಲ್ಲಿ ಅದಕ್ಕೆಂದೇ ಕಾಯ್ದೆ ಮಾಡಿ ತೋಟವನ್ನು ವಹಿಸಿಕೊಂಡಿತು. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಇವತ್ತಿಗೂ ಬೆಂಗಳೂರಿಗರಿಗೆ ಅವರ ಹೆಸರು ನೆನಪಾಗೋದು ಒಂದೋ ಚುಂಬನದಿಂದ, ಇಲ್ಲಾ ಜಮೀನಿನ ಕೇಸಿನಿಂದ.

ಹೆಸರು ಯಾರದ್ದು?

ಗೆಳತಿ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. ಕರ್ನಲ್ ಮಗಳಿಗೇ, ಫಾಲ್ಕೆ ಪ್ರಶಸ್ತಿ ಬಂದವಳಿಗೇ ಡಿಸೈನರ್ ಅನ್ನೋ ಹೆಸರು ಉಳಿಯಲಿಲ್ಲ ಅಂದಮೇಲೆ ಗ್ಯಾರೇಜಿನಲ್ಲಿರುವ ನನಗೆ ಏನು ಸಮಾಧಾನ ಹೇಳ್ತೀಯ ಅಂತ. ನನ್ನ ಹತ್ತಿರ ಉತ್ತರವಿರಲಿಲ್ಲ. ಸಮಾಧಾನದ ಕತೆ ಅಂದುಕೊಂಡು ಶುರು ಮಾಡಿದ್ದೆ, ಅದು ಎಚ್ಚರಿಕೆಯ ಕತೆಯಾಗಿತ್ತು.

ಬೇರೆ ಕೆಲಸಕ್ಕೆ ಹೀಗಾಗೋದು ಕಡಿಮೆ. ಸೇತುವೆಗೆ ಕಾಂಟ್ರ್ಯಾಕ್ಟರ್ ಹೆಸರಿನ ಕಲ್ಲು ನಿಲ್ಲಿಸುತ್ತೇವೆ. ಬಟ್ಟೆ, ಬಣ್ಣ, ಉಗುರು ಅಂದ ತಕ್ಷಣ ಹೆಂಗಸರ ಹವ್ಯಾಸ ಅನ್ನಿಸಿಬಿಡುತ್ತದೆ. ಹವ್ಯಾಸಕ್ಕೆ ಸಂಬಳವಿಲ್ಲ, ಸಹಿಯಿಲ್ಲ, ಕದ್ದರೆ ಕೇಳುವವರಿಲ್ಲ. ಹಾಗೆ ನೋಡಿದರೆ ಗೆಳತಿಯ ಹಿಂದೆ ಇನ್ನೊಬ್ಬರಿದ್ದಾರೆ. ಅವಳ ಗೆರೆಯನ್ನು ಬಟ್ಟೆಯಾಗಿಸುವ ಶಿವಾಜಿನಗರದ ಮಾಸ್ಟರ್. ಅವರ ಹೆಸರು ಅವಳ ಬಿಲ್ಲಿನಲ್ಲೂ ಇಲ್ಲ. ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಸಂಜೆ ಇಬ್ಬರೂ ಮೆಟ್ರೊದಲ್ಲಿ ಎಂ.ಜಿ. ರಸ್ತೆಗೆ ಹೋಗಿ ಅಲ್ಲಿಂದ ಕಮರ್ಷಿಯಲ್ ಸ್ಟ್ರೀಟಿಗೆ ನಡೆದೆವು. ಬ್ಲೌಸಿನ ಒಳಗೆ ಹೊಲಿಯುವ ಲೇಬಲ್ಲು ನೇಯಿಸಿಕೊಡುವವರನ್ನು ಅವಳು ವಿಚಾರಿಸಿದಳು. ಎರಡು ಸಾಲು ಬೇಕು ಅಂದಳು. ಮೇಲೆ ಅವಳ ಹೆಸರು, ಕೆಳಗೆ ಮಾಸ್ಟರ್ ಹೆಸರು. ಎರಡನೇ ಸಾಲಿಗೆ ಜಾಸ್ತಿ ದುಡ್ಡಾಗುತ್ತೆ ಅಂದರು ಅಂಗಡಿಯವರು. ಚುಕ್ಕಿ ಉಗುರಿನ ಬೆರಳಲ್ಲಿ ಲೆಕ್ಕ ಹಾಕಿ ಒಪ್ಪಿಕೊಂಡಳು.

ನೀವೂ ಮುಂದಿನ ಸಲ ಬಟ್ಟೆ ಕೊಳ್ಳುವಾಗ ಬೆಲೆಯ ಜೊತೆ ಇದು ಯಾರ ಡಿಸೈನು, ಹೊಲಿದವರು ಯಾರು ಅಂತ ಒಂದು ಮಾತು ಕೇಳಿ ನೋಡಿ.