ಅನುಮಾನಕ್ಕೂ ಒಂದು ಜಾಗ ಕೊಟ್ಟ ಜಿ.ಎನ್. ರಾಮಚಂದ್ರನ್

ಜಿ.ಎನ್. ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. ತಂದೆ ಗಣಿತದ ಮೇಷ್ಟ್ರು. 1942ರಲ್ಲಿ ಬೆಂಗಳೂರಿನ ಐಐಎಸ್‌ಸಿಗೆ ಬಂದು ಸೇರಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ಗೆ. ಇಇ ಬ್ರಾಂಚಿನವರು ಬೇಜಾರು ಮಾಡ್ಕೋಬೇಡಿ, ಈ ಹುಡುಗ ಆ ವಿಭಾಗಕ್ಕೆ ಸ್ವಲ್ಪ ಜಾಸ್ತಿನೇ ಜಾಣ ಅಂತ ಹೇಳಿ ಸಿ.ವಿ. ರಾಮನ್ ಅವರನ್ನು ಫಿಸಿಕ್ಸ್‌ಗೆ ಕರ್ಕೊಂಡು ಹೋದರಂತೆ!

ಆಮೇಲೆ ಕೇಂಬ್ರಿಡ್ಜ್‌ನಲ್ಲಿ ಪಿಎಚ್.ಡಿ. 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. ನಮ್ಮ ಚರ್ಮ, ಮೂಳೆಗಳಲ್ಲಿರುವ ಕೊಲಾಜೆನ್ ಮೂರು ಎಳೆಗಳ ಜಡೆಯ ಹಾಗೆ ಹೆಣೆದುಕೊಂಡಿದೆ ಅಂತ ಗೋಪಿನಾಥ್ ಕರ್ತಾ ಜೊತೆ ಎಕ್ಸ್-ರೇ ಚಿತ್ರಗಳಿಂದ ಕಂಡುಹಿಡಿದರು. 1963ರ ರಾಮಚಂದ್ರನ್ ಪ್ಲಾಟ್ ಬಯೋಟೆಕ್ನಾಲಜಿ ಓದುವವರಿಗೆಲ್ಲ ಗೊತ್ತು.

ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ್ದು 1971ರ ಕೆಲಸ. ಸಿ.ಟಿ. ಸ್ಕ್ಯಾನ್‌ನಲ್ಲಿ ದೇಹದ ಸುತ್ತ ಬೇರೆ ಬೇರೆ ಕೋನಗಳಿಂದ ಎಕ್ಸ್-ರೇ ಹಾಯಿಸ್ತಾರೆ. ಸಿಗೋದು ಬರೀ ನೆರಳುಗಳು. ಅವನ್ನು ಹಾಗೇ ಒಂದರ ಮೇಲೊಂದು ಹರಡಿದರೆ ಚಿತ್ರ ಮಸುಕಾಗುತ್ತೆ. ಫೂರಿಯರ್ ಟ್ರಾನ್ಸ್‌ಫಾರ್ಮ್ ಮಾಡಬಹುದಿತ್ತು, ಆದರೆ ಆಗಿನ ಕಂಪ್ಯೂಟರ್‌ಗಳಿಗೆ ಅದು ಭಾರ. ಪ್ರತಿ ನೆರಳಿಗೂ ಮೊದಲು ಕನ್ವಲ್ಯೂಷನ್ ಮಾಡಿ, ಆಮೇಲೆ ಹರಡಿದರೆ ಸಾಕು, ಚಿತ್ರ ಸ್ಪಷ್ಟವಾಗುತ್ತೆ ಅಂತ ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ತೋರಿಸಿದರು. ಮ್ಯಾಟ್‌ಲ್ಯಾಬ್‌ನಲ್ಲಿ ಐರೇಡಾನ್ ಫಂಕ್ಷನ್ ಬಳಸಿದರೆ, ನಾವು ಬೇರೇನೂ ಹೇಳದಿದ್ದಾಗ ಅದು ಆರಿಸಿಕೊಳ್ಳೋದು ಇವರಿಬ್ಬರ ಹೆಸರಿನ ರಾಮ್-ಲಾಕ್ ಫಿಲ್ಟರನ್ನೇ. ಸಿ.ಟಿ.ಗೆ 1979ರಲ್ಲಿ ನೊಬೆಲ್ ಬಂತು. ಅದು ಹೌನ್ಸ್‌ಫೀಲ್ಡ್ ಮತ್ತು ಕಾರ್ಮಕ್ ಅವರಿಗೆ.

ಎಂಬತ್ತರ ದಶಕದಲ್ಲಿ ಅವರ ಗಮನ ತರ್ಕಶಾಸ್ತ್ರದ ಕಡೆ ಹೋಯಿತು. ನಾವು ಓದೋ ಬೂಲಿಯನ್ ಆಲ್ಜೀಬ್ರಾದಲ್ಲಿ 1 ಅಥವಾ 0, ಅಷ್ಟೇ. ಜೈನರ ಸ್ಯಾದ್ವಾದದಿಂದ ಪ್ರೇರಣೆ ಪಡೆದು ಇವರು ಒಂದು ಮಾತಿಗೆ ಎರಡು ಅಂಕಿ ಕೊಟ್ಟರು. ನಿಜವಾದರೆ 1 0, ಸುಳ್ಳಾದರೆ 0 1, ಅನುಮಾನವಾದರೆ 1 1, ಅಸಾಧ್ಯವಾದರೆ 0 0. ಅನುಮಾನವನ್ನು ಹೌದು-ಇಲ್ಲಗಳ ಒಳಗೆ ತುರುಕದೆ ಅದಕ್ಕೂ ಒಂದು ಜಾಗ ಕೊಟ್ಟರು.

ಇದಕ್ಕೂ ಸ್ಕ್ಯಾನ್‌ಗೂ ಏನು ಸಂಬಂಧ ಅಂತೀರಾ? ಎಕ್ಸ್-ರೇ ನೋಡಿ ಕಾಯಿಲೆ ಗುರುತಿಸೋದನ್ನ ಇವತ್ತು ಮಷಿನ್‌ಗೆ ಕಲಿಸಬೇಕಾದರೆ ಲಕ್ಷಾಂತರ ಚಿತ್ರಗಳಿಗೆ ಲೇಬಲ್ ಬೇಕು. ಅದು ಡಾಕ್ಟರ್‌ಗಳು ಬರೆದ ರಿಪೋರ್ಟ್‌ನಲ್ಲೇ ಇದೆ. ಅದನ್ನು ಓದಿ ತೆಗೆಯೋದು ನ್ಯಾಚುರಲ್ ಲಾಂಗ್ವೇಜ್ ಪ್ರೊಸೆಸಿಂಗ್. ಆದರೆ ನ್ಯುಮೋನಿಯಾ ಅನ್ನೋ ಪದ ಸಿಕ್ಕಿದ ತಕ್ಷಣ ಕಾಯಿಲೆ ಇದೆ ಅಂತಲ್ಲ. ಅದರ ಲಕ್ಷಣ ಕಾಣಲಿಲ್ಲ ಅಂತಲೂ ಬರೆದಿರಬಹುದು, ಇದ್ದರೂ ಇರಬಹುದು ಅಂತಲೂ ಬರೆದಿರಬಹುದು. 2019ರಲ್ಲಿ ಸ್ಟ್ಯಾನ್‌ಫರ್ಡ್‌ನವರು 2,24,316 ಎದೆಯ ಎಕ್ಸ್-ರೇಗಳ ಚೆಕ್ಸ್‌ಪರ್ಟ್ ಸಂಗ್ರಹ ಮಾಡಿದಾಗ ಇದೆ, ಇಲ್ಲ ಅನ್ನೋದರ ಜೊತೆಗೆ ಅನುಮಾನ ಅಂತ ಬೇರೆಯದೇ ಲೇಬಲ್ ಇಟ್ಟರು. ರಾಮಚಂದ್ರನ್ ಪೇಪರ್ ಓದಿ ಹಾಗೆ ಮಾಡಿದರು ಅಂತ ನಾನು ಹೇಳ್ತಿಲ್ಲ. ಎದುರಾದ ಪ್ರಶ್ನೆ ಮಾತ್ರ ಒಂದೇ.

ಬೂವನಹಳ್ಳಿಯಿಂದ ಹಾಸನಕ್ಕೆ ಬಂದು ಎಕ್ಸ್-ರೇ ತೆಗೆಸಿಕೊಳ್ಳೋ ಅಜ್ಜನಿಗೆ ಇದು ಬರೀ ಥಿಯರಿ ಅಲ್ಲ. ಅನುಮಾನವನ್ನು ಇಲ್ಲ ಅಂತ ಓದಿದರೆ ಕಾಯಿಲೆ ಒಳಗೇ ಉಳಿಯುತ್ತೆ. ಇದೆ ಅಂತ ಓದಿದರೆ ಬೇಡದ ಔಷಧಿ, ಬೇಡದ ಸಾಲ.

ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆಯಿಂದ ಬಳಲಿದ ರಾಮಚಂದ್ರನ್ 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ತೀರಿಕೊಂಡರು. ಮುಂದಿನ ಸಲ ಪ್ರಾಜೆಕ್ಟ್‌ಗೆ ಡೇಟಾ ಲೇಬಲ್ ಮಾಡುವಾಗ ಅನುಮಾನಕ್ಕೂ ಒಂದು ಕಾಲಂ ಇಡಿ.