ಗೋಡೆಯೊಳಗಿನ ಗಡಿಯಾರ

ಜಾನ್ ಬೆಲ್ಲೇರ್ಸ್ ಅಮೆರಿಕದ ಮಿಷಿಗನ್ ರಾಜ್ಯದ ಮಾರ್ಷಲ್ ಎಂಬ ಸಣ್ಣ ಪಟ್ಟಣದಲ್ಲಿ 1938ರಲ್ಲಿ ಜನಿಸಿದರು. ದಪ್ಪ ಮೈಯ, ಸಂಕೋಚದ ಹುಡುಗ. ಆ ಊರಿನ ಗೋಪುರವಿರುವ ಹಳೆಯ ಮನೆಯೊಂದು ಅವರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು.

ಮುಂದೆ ಕಾಲೇಜುಗಳಲ್ಲಿ ಇಂಗ್ಲಿಷ್ ಕಲಿಸುತ್ತಾ ಬೆಲ್ಲೇರ್ಸ್ ಆ ಮನೆಯ ಸುತ್ತ ಕಾದಂಬರಿ ಬರೆದರು. ಮೊದಲು ದೊಡ್ಡವರಿಗೆಂದು ಬರೆದದ್ದನ್ನು ಮಕ್ಕಳಿಗಾಗಿ ತಿದ್ದಿ ಬರೆದಾಗ, 1973ರಲ್ಲಿ ‘ದಿ ಹೌಸ್ ವಿತ್ ಎ ಕ್ಲಾಕ್ ಇನ್ ಇಟ್ಸ್ ವಾಲ್ಸ್’ ಪ್ರಕಟವಾಯಿತು. ಚಿತ್ರಗಳನ್ನು ಬರೆದವರು ಎಡ್ವರ್ಡ್ ಗೋರಿ.

ಕಥೆಯ ನಾಯಕ ಹತ್ತು ವರ್ಷದ ಅನಾಥ ಲೂಯಿಸ್. ಆಟದಲ್ಲಿ ಹಿಂದೆ, ಭಯದಲ್ಲಿ ಮುಂದೆ! ಆಶ್ರಯ ಕೊಟ್ಟ ಚಿಕ್ಕಪ್ಪನ ಮನೆಯ ಗೋಡೆಯೊಳಗೆ ಲೋಕವನ್ನೇ ಅಳಿಸಬಲ್ಲ ಗಡಿಯಾರವೊಂದು ಟಿಕ್‌ಟಿಕ್ ಎನ್ನುತ್ತಿರುತ್ತದೆ. ಗೆಳೆಯನೊಬ್ಬನ ಮೆಚ್ಚುಗೆ ಗಳಿಸಲು ಹೋಗಿ ಲೂಯಿಸ್ ಸತ್ತ ಮಾಟಗಾತಿಯನ್ನು ಎಬ್ಬಿಸಿಬಿಡುತ್ತಾನೆ. ತಪ್ಪನ್ನು ಮುಚ್ಚಿಡುತ್ತಾನೆ, ಒಳಗೊಳಗೇ ನರಳುತ್ತಾನೆ. ಕೊನೆಗೆ ನಡುಗುತ್ತಲೇ ಆ ಗಡಿಯಾರವನ್ನು ಒಡೆಯುವವನೂ ಅವನೇ.

1991ರಲ್ಲಿ, 53ನೇ ವಯಸ್ಸಿನಲ್ಲಿ ಬೆಲ್ಲೇರ್ಸ್ ತೀರಿಕೊಂಡರು. ಅರ್ಧಕ್ಕೆ ನಿಂತಿದ್ದ ಎರಡು ಕಥೆಗಳನ್ನು ಬ್ರಾಡ್ ಸ್ಟ್ರಿಕ್‌ಲ್ಯಾಂಡ್ ಪೂರ್ಣಗೊಳಿಸಿದರು. 2018ರಲ್ಲಿ ಗಡಿಯಾರದ ಕಥೆ ಸಿನಿಮಾ ಆಯಿತು.

ಗೆಳೆಯರ ಮುಂದೆ ದೊಡ್ಡವರಾಗಲು ಹೋಗಿ ಎಡವಿದವರು ನಮ್ಮಲ್ಲಿ ಯಾರಿಲ್ಲ? ಅಂಥವರು ಲೂಯಿಸ್‌ನನ್ನು ಒಮ್ಮೆ ಓದಿ. ಧೈರ್ಯವೆಂದರೆ ಹೆದರದಿರುವುದಲ್ಲ, ಹೆದರಿದರೂ ತಪ್ಪನ್ನು ಸರಿಪಡಿಸುವುದು ಎಂದು ಅವನು ತೋರಿಸಿಕೊಡುತ್ತಾನೆ.