ಶಿವಚಿತ್ತ ಪೆರ್ಮಾಡಿದೇವ

ಶಿವಚಿತ್ತ ಪೆರ್ಮಾಡಿದೇವನು ಗೋವೆಯ ಕದಂಬ ಮನೆತನದ ಹನ್ನೆರಡನೆಯ ಶತಮಾನದ ಅರಸ. ಗೋಪಕಪಟ್ಟಣ (ಇಂದಿನ ಗೋವಾ ವೆಲ್ಹಾ) ಇವನ ರಾಜಧಾನಿ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಹಲಸಿ ಎರಡನೆಯ ರಾಜಧಾನಿಯಾಗಿತ್ತು. ಶಾಸನಗಳಲ್ಲಿ ಪೆರ್ಮಾಡಿ, ಹೆಮ್ಮಾಡಿ, ಪರಮರ್ದಿದೇವ ಎಂಬ ಹೆಸರುಗಳೂ ಇವನಿಗೆ ಸಲ್ಲುತ್ತವೆ. ಸಿಂಹಲಾಂಛನದ ಚಿನ್ನದ ನಾಣ್ಯಗಳಿಂದಾಗಿ ಇವನು ದಕ್ಷಿಣ ಭಾರತದ ನಾಣ್ಯಶಾಸ್ತ್ರದಲ್ಲಿ ಪ್ರಸಿದ್ಧನಾಗಿದ್ದಾನೆ. ಇದೇ ಕಾಲಕ್ಕೆ ಹತ್ತಿರದ ಸಿಂದ ಮನೆತನದಲ್ಲಿಯೂ ಪೆರ್ಮಾಡಿ ಎಂಬ ಅರಸನಿದ್ದನು. ಇಬ್ಬರೂ ಬೇರೆ ಬೇರೆ ವ್ಯಕ್ತಿಗಳು.

ಹಿನ್ನೆಲೆ

ಹಲಸಿಯ ಪ್ರಾಚೀನ ಹೆಸರು ಪಲಾಶಿಕಾ. ಬನವಾಸಿಯ ಆದಿ ಕದಂಬರ ಕಾಲದಲ್ಲಿಯೇ ಇದು ರಾಜಧಾನಿಗಳಲ್ಲಿ ಒಂದಾಗಿತ್ತು. ಇಲ್ಲಿ ದೊರೆತ ಕಾಕುಸ್ಥವರ್ಮ, ಮೃಗೇಶವರ್ಮ, ರವಿವರ್ಮ ಮೊದಲಾದವರ ತಾಮ್ರಪಟಗಳು ಇದಕ್ಕೆ ಸಾಕ್ಷಿಯಾಗಿವೆ. ಹಲವು ಶತಮಾನಗಳ ಬಳಿಕ ಅದೇ ವಂಶದ ಹೆಸರನ್ನು ಹೇಳಿಕೊಂಡ ಗೋವೆಯ ಕದಂಬರು ಕೊಂಕಣದಿಂದ ಘಟ್ಟ ಹತ್ತಿ ಬಂದು ಪಲಸಿಗೆ ಹನ್ನೆರಡು ಸಾಸಿರ ನಾಡನ್ನು ಆಳಿದರು.

ಪೆರ್ಮಾಡಿಯ ತಂದೆ ಇಮ್ಮಡಿ ಜಯಕೇಶಿ. ತಾಯಿ ಮೈಲಳದೇವಿಯು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (ಆಳ್ವಿಕೆ 1076–1126) ಮಗಳು. ಈ ನಂಟಿನಿಂದ ಕದಂಬರ ಗೌರವ ಹೆಚ್ಚಿತಾದರೂ ಅವರು ಮಾಂಡಲಿಕರಾಗಿಯೇ ಉಳಿದರು. ಚಾಲುಕ್ಯರ ಪರವಾಗಿ ಸಿಂದರ ಆಚುಗಿಯು ಗೋವೆಯವರೆಗೆ ದಂಡೆತ್ತಿ ಹೋದುದನ್ನು ಸಿಂದರ ಶಾಸನಗಳು ಹೇಳುತ್ತವೆ. ಸ್ವಾತಂತ್ರ್ಯದ ಆಸೆ, ಒಡೆಯನ ಭಯ ಇವೆರಡರ ನಡುವೆ ಬೆಳೆದ ರಾಜ್ಯವನ್ನು ಪೆರ್ಮಾಡಿಯು ಆನುವಂಶಿಕವಾಗಿ ಪಡೆದನು.

ಆಳ್ವಿಕೆ

ಪೆರ್ಮಾಡಿಯು 1147–48ರಲ್ಲಿ ಪಟ್ಟಕ್ಕೆ ಬಂದನು. ಇವನ ತಮ್ಮ ವಿಜಯಾದಿತ್ಯನು ಜೊತೆಯಲ್ಲಿಯೇ ರಾಜ್ಯಭಾರದಲ್ಲಿ ಪಾಲ್ಗೊಂಡನು. ಶಿವಭಕ್ತನಾದ ಅಣ್ಣನಿಗೆ ಶಿವಚಿತ್ತ ಎಂದೂ ವಿಷ್ಣುಭಕ್ತನಾದ ತಮ್ಮನಿಗೆ ವಿಷ್ಣುಚಿತ್ತ ಎಂದೂ ಬಿರುದುಗಳಿದ್ದವು. ಅರಸುಮನೆತನಗಳಲ್ಲಿ ದಾಯಾದಿ ಕಲಹ ಸಾಮಾನ್ಯವಾಗಿದ್ದ ಆ ಕಾಲದಲ್ಲಿ ಇಬ್ಬರು ಸಹೋದರರು ದೀರ್ಘಕಾಲ ಕೂಡಿ ಆಳಿದುದು ಗಮನಾರ್ಹ.

ಇವರ ಕಾಲದಲ್ಲಿಯೇ ಕಲ್ಯಾಣದ ಸಿಂಹಾಸನ ಅಲುಗಿತು. ಕಳಚುರಿ ಬಿಜ್ಜಳನು ಚಾಲುಕ್ಯರ ಅಧಿಕಾರವನ್ನು ಕಸಿದುಕೊಂಡನು. ಒಡೆಯನು ಯಾರೆಂಬುದೇ ಅನಿಶ್ಚಿತವಾದಾಗ ಮಾಂಡಲಿಕರಿಗೆ ತಲೆಯೆತ್ತಲು ಅವಕಾಶ ದೊರೆಯಿತು. ಪೆರ್ಮಾಡಿಯ ಹಲಸಿ ಮತ್ತು ದೇಗಾಂವಿ ಶಾಸನಗಳಲ್ಲಿ ಚಾಲುಕ್ಯ ವಿಕ್ರಮ ವರ್ಷವಿಲ್ಲ. ಕಲಿಯುಗದ ವರ್ಷ ಮತ್ತು ಅರಸನ ಆಳ್ವಿಕೆಯ ವರ್ಷಗಳು ಮಾತ್ರ ಇವೆ. ಇದನ್ನು ಅವನ ಸ್ವತಂತ್ರ ಮನೋಭಾವದ ಕುರುಹೆಂದು ಭಾವಿಸಬಹುದು.

ದೇವಾಲಯಗಳು

ಹಲಸಿಯ ಭೂವರಾಹ ನರಸಿಂಹ ದೇವಾಲಯದ ಶಾಸನವು ಕಲಿಯುಗದ 4270ನೆಯ ವರ್ಷದ್ದು, ಅಂದರೆ ಕ್ರಿ.ಶ. 1169ರದು. ಪೆರ್ಮಾಡಿಯು ನರಸಿಂಹದೇವರಿಗೆ ದತ್ತಿ ಬಿಟ್ಟುದನ್ನು ಅದು ತಿಳಿಸುತ್ತದೆ. 1171ರಲ್ಲಿ ವಿಜಯಾದಿತ್ಯನು ನೀಡಿದ ದತ್ತಿಯೂ ಅದೇ ಕಲ್ಲಿನಲ್ಲಿದೆ. ಈ ದೇವಾಲಯದಲ್ಲಿ ಎರಡು ಗರ್ಭಗೃಹಗಳು ಎದುರುಬದುರಾಗಿರುವುದು ವಿಶೇಷ.

ಪೆರ್ಮಾಡಿಯ ಪಟ್ಟದರಸಿ ಕಮಲಾದೇವಿ. ಕಿತ್ತೂರಿನ ಸಮೀಪದ ದೇಗಾಂವಿಯಲ್ಲಿರುವ ಕಮಲನಾರಾಯಣ ದೇವಾಲಯವನ್ನು ಇವಳು ಕಟ್ಟಿಸಿದಳು. ಶಿಲ್ಪಿಯ ಹೆಸರು ತಿಪ್ಪೋಜ. ಅಲ್ಲಿಯ ಶಾಸನದ ಕಾಲ 1174. ಈ ಶಾಸನಗಳನ್ನು ಜಾನ್ ಫೇತ್‌ಫುಲ್ ಫ್ಲೀಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಸಂಪಾದಿಸಿ ಪ್ರಕಟಿಸಿದನು.

ನಾಣ್ಯಗಳು

ಪೆರ್ಮಾಡಿಯ ಚಿನ್ನದ ಗದ್ಯಾಣದ ಒಂದು ಮುಖದಲ್ಲಿ ಕದಂಬರ ಲಾಂಛನವಾದ ಸಿಂಹವೂ ಸಂವತ್ಸರದ ಹೆಸರೂ ಇವೆ. ಇನ್ನೊಂದು ಮುಖದಲ್ಲಿ ನಾಗರೀ ಲಿಪಿಯ ಬರಹವಿದೆ. ಅರಸನು ಕುಲದೈವ ಸಪ್ತಕೋಟೇಶ್ವರನಿಂದ ವರಪ್ರಸಾದ ಪಡೆದವನೆಂದು ಅದು ಸಾರುತ್ತದೆ. ಬಳಿಕ ಅವನ ಹೆಸರನ್ನೂ ಮಲವರಮಾರಿ ಎಂಬ ಬಿರುದನ್ನೂ ಹೇಳುತ್ತದೆ. ಮಲೆನಾಡಿನ ಪಾಳೆಯಗಾರರಾದ ಮಲಪರಿಗೆ ಮಾರಿಯಂತಿದ್ದವನು ಎಂದು ಈ ಬಿರುದನ್ನು ಅರ್ಥೈಸಲಾಗಿದೆ. ಹೊಯ್ಸಳರ ಮಲಪರೊಳ್ಗಂಡ ಎಂಬ ಬಿರುದು ಇದೇ ಬಗೆಯದು. ಸಹ್ಯಾದ್ರಿಯ ಕಣಿವೆದಾರಿಗಳು ಯಾರ ಕೈಯಲ್ಲಿವೆಯೋ ಅವರಿಗೇ ಗೋವೆಯ ಬಂದರಿನ ವ್ಯಾಪಾರದ ಲಾಭ. ಹೀಗಾಗಿ ಮಲೆಯ ಒಡೆಯರನ್ನು ಅಡಗಿಸಿದೆನೆಂಬ ಮಾತಿಗೆ ನಾಣ್ಯದ ಮೇಲೆ ಸ್ಥಾನ ದೊರೆತುದು ಸಹಜ.

ಗೆಲುವನ್ನು ನಾಣ್ಯದ ಮೂಲಕ ಸಾರುವ ರೂಢಿ ಬಹು ಹಳೆಯದು. ರೋಮಿನ ಅಗಸ್ಟಸ್ ಈಜಿಪ್ಟನ್ನು ಗೆದ್ದ ಮೇಲೆ ಮೊಸಳೆಯ ಚಿತ್ರವಿರುವ ನಾಣ್ಯವನ್ನು ಹೊರಡಿಸಿದನು. ವೆಸ್ಪಾಸಿಯನ್ ಚಕ್ರವರ್ತಿಯ ನಾಣ್ಯದಲ್ಲಿ ಸೋತ ಜುಡೇಯ ದೇಶವನ್ನು ಖರ್ಜೂರದ ಮರದಡಿ ಕುಳಿತು ಶೋಕಿಸುವ ಹೆಂಗಸಿನಂತೆ ತೋರಿಸಲಾಗಿದೆ. ರೋಮನ್ ನಾಣ್ಯಗಳು ಕರ್ನಾಟಕಕ್ಕೂ ಬಂದಿದ್ದವು. ಚಂದ್ರವಳ್ಳಿ, ಯಶವಂತಪುರ ಮೊದಲಾದೆಡೆ ಅವು ದೊರೆತಿವೆ. ಆದರೆ ಕನ್ನಡನಾಡಿನ ಅರಸರ ರೀತಿ ಬೇರೆ. ತಲಕಾಡನ್ನು ಗೆದ್ದ ಹೊಯ್ಸಳ ವಿಷ್ಣುವರ್ಧನನು ತಳಕಾಡುಗೊಂಡ ಎಂಬ ಬಿರುದನ್ನು ಕನ್ನಡ ಅಕ್ಷರಗಳಲ್ಲಿ ಅಚ್ಚೊತ್ತಿಸಿದನು. ಪೆರ್ಮಾಡಿಯೂ ಬಿರುದಿನಿಂದಲೇ ಗೆಲುವನ್ನು ಹೇಳಿದನು. ಇವರ ನಾಣ್ಯಗಳಲ್ಲಿ ಸೆರೆಯಾಳಾಗಲಿ ಸೋತ ನಾಡಿನ ರೂಪವಾಗಲಿ ಕಾಣುವುದಿಲ್ಲ. ದೈವವೂ ಲಾಂಛನವೂ ಬಿರುದೂ ಅರಸನ ಹಿರಿಮೆಯನ್ನು ಸಾರುತ್ತವೆ.

ಅನಂತರದ ಕಾಲ

ಪೆರ್ಮಾಡಿ ಮತ್ತು ವಿಜಯಾದಿತ್ಯರ ಬಳಿಕ ವಿಜಯಾದಿತ್ಯನ ಮಗ ಮುಮ್ಮಡಿ ಜಯಕೇಶಿಯು 1187–88ರಲ್ಲಿ ಪಟ್ಟವೇರಿದನು. ಅವನೂ ಸಿಂಹಲಾಂಛನದ ಚಿನ್ನದ ನಾಣ್ಯಗಳನ್ನು ಮಲವರಮಾರಿ ಬಿರುದಿನೊಡನೆ ಹೊರಡಿಸಿದನು. ಆದರೆ ಅಷ್ಟರಲ್ಲಿ ಘಟ್ಟದ ಮೇಲಿನ ಸ್ಥಿತಿ ಬದಲಾಗುತ್ತಿತ್ತು. ವೇಣುಗ್ರಾಮ, ಅಂದರೆ ಇಂದಿನ ಬೆಳಗಾವಿ, ಸವದತ್ತಿಯ ರಟ್ಟರ ವಶವಾಯಿತು. ರಟ್ಟ ಅರಸ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಕಮಲಬಸದಿಯನ್ನು ಬೆಳಗಾವಿಯ ಕೋಟೆಯಲ್ಲಿ ಇಂದಿಗೂ ನೋಡಬಹುದು. ನಾಡು ಕೈತಪ್ಪಿದ ಮೇಲೆಯೂ ನಾಣ್ಯದ ಬಿರುದು ಬದಲಾಗಲಿಲ್ಲ. ಆದುದರಿಂದ ನಾಣ್ಯಗಳ ಬಿರುದನ್ನು ಅರಸನ ಆಶಯವೆಂದು ಓದಿ, ನಿಜವಾದ ಅಧಿಕಾರದ ಎಲ್ಲೆಯನ್ನು ಶಾಸನಗಳು ದೊರೆತ ಸ್ಥಳಗಳಿಂದ ತಿಳಿಯುವುದು ಇತಿಹಾಸದ ವಿದ್ಯಾರ್ಥಿಗೆ ಸರಿಯಾದ ದಾರಿ. ಪೆರ್ಮಾಡಿಯ ವಿಷಯದಲ್ಲಿ ಹಲಸಿ ಮತ್ತು ದೇಗಾಂವಿಗಳ ಕಲ್ಲುಬರಹಗಳು ಅಂತಹ ಆಧಾರವನ್ನು ಒದಗಿಸುತ್ತವೆ.